ಸುರಭಿಗೆ ಶಾಲು ಬೇಡವಂತೆ

ನಿಮ್ಮ ಓಣಿಯಲ್ಲೂ ಇಂಥದೊಂದು ಮಗು ಇದ್ದೀತು. ನೋಡಿದವರೆಲ್ಲ "ಏನ್ ಶ್ಯಾಣೇ ಹುಡುಗಿ!" ಅನ್ನುತ್ತಾರೆ. ಹೊಗಳಿ, ತಮ್ಮ ತಮ್ಮ ಮನೆಗೆ ಹೋಗುತ್ತಾರೆ.

ಪುಣೆಯ ಧನಕವಡಿಯಲ್ಲಿ ನಮ್ಮ ಕನ್ನಡದ ಹೆಂಗಸರದೊಂದು ಬಚತ್ ಗಟ, ಅಂದರೆ ಉಳಿತಾಯದ ಸಂಘವಿದೆ. ಅದರ ಹಿರಿಯರು ಧಾರವಾಡದ ಗಂಗೂಬಾಯಿ. ಯಾರಿಗಾದರೂ ಸನ್ಮಾನ ಮಾಡದಿದ್ದರೆ ಅವರಿಗೆ ಕಾರ್ಯಕ್ರಮ ಆದ ಹಾಗೇ ಅನಿಸುವುದಿಲ್ಲ! ಈ ಸಲ ಅವರು ಆರಿಸಿದ್ದು ಒಂಬತ್ತನೇ ತರಗತಿಯ ಸುರಭಿಯನ್ನು.

ಸುರಭಿಯ ತಾಯಿ ವಿನೀತಾಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ತಂದೆ ಮಾರ್ತಾಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ತಾಯಿಯನ್ನು ಎತ್ತಿ ಕೂರಿಸುವುದು, ಜಳಕ, ಊಟ, ಗುಳಿಗೆ ಎಲ್ಲವೂ ಸುರಭಿಯದೇ. ಖೋ ಖೋ ಆಟ ಬಿಟ್ಟಾಯಿತು, ಶಾಲೆಯೂ ಆಗಾಗ ತಪ್ಪುತ್ತಿತ್ತು. ಈ ವರ್ಷ ಮುಗಿದರೆ ಶಾಲೆಯನ್ನೂ ಬಿಡಿಸುತ್ತೇನೆ ಎಂದು ಮಾರ್ತಾಂಡ ಹೇಳಿಯಾಗಿತ್ತು.

ಗಟದಲ್ಲಿರುವ ಪ್ರಫುಲ್ಲಾ ಕುಂದಾಪುರದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ಅವರಿಗೆ ಸನ್ಮಾನದ ಮಾತು ಹಿಡಿಸಲಿಲ್ಲ.

"ಆ ಮಗುವಿಗೆ ಬೇಕಾದದ್ದು ಸನ್ಮಾನವಾ ಮಾರಾಯ್ರೆ? ದೊಡ್ಡವರನ್ನು ಎತ್ತುವ ವಯಸ್ಸಾ ಅದು? ಬೆನ್ನೂ ಹಾಳಾಗ್ತದೆ, ಓದೂ ಹೋಗ್ತದೆ."

"ಹೆತ್ತ ತಾಯೀನ್ನ ಮಗಳು ನೋಡದ ಇನ್ಯಾರು ನೋಡಬೇಕ್ರಿ?" ಎಂದರು ಗಂಗೂಬಾಯಿ. "ಮಂದೀ ಮನೀ ವಿಷಯದಾಗ ನಾವು ಕೈ ಹಾಕೋದು ಚಲೋ ಅಲ್ಲ."

"ನೋಡುವುದು ಬೇಡ ಅಂತ ಯಾರು ಹೇಳಿದ್ರು? ಒಬ್ಬಳೇ ನೋಡಬಾರದು."

ಗಂಗೂಬಾಯಿ ಕೇಳಬೇಕಲ್ಲ! ಶನಿವಾರ ಸಂಜೆ ಸೊಸೈಟಿಯ ಹಾಲ್ ತುಂಬಿತು. ಮಾರ್ತಾಂಡನೂ ಕೆಲಸದಿಂದ ನೇರ ಅಲ್ಲಿಗೇ ಬಂದ. ಸುರಭಿ ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದಳು. ಗಂಗೂಬಾಯಿ ಶಾಲು ಹೊದಿಸಲು ಬಂದಾಗ ಅದನ್ನು ಕೈಯಿಂದ ತಡೆದಳು.

"ಕಾಕು, ಶಾಲು ಬ್ಯಾಡ್ರಿ. ಮಂಗಳವಾರ ನಂದು ಗಣಿತದ ಪರೀಕ್ಷಾ ಅದ. ಯಾರರೆ ನಮ್ಮವ್ವನ ಹತ್ರ ಕೂಡ್ತೀರೇನ್ರಿ? ಈಗೂ ಆಕಿ ಒಬ್ಬಾಕೀನ ಇದ್ದಾಳ. ನೀರಡಿಸಿದ್ರ ಎದ್ದು ತೊಗೊಳ್ಳಿಕ್ಕೆ ಆಗೂದಿಲ್ಲ."

ಅಷ್ಟು ಹೇಳಿ ಅತ್ತುಬಿಟ್ಟಳು. ನಮಗೆಲ್ಲ ತಲೆ ಎತ್ತಲಾಗಲಿಲ್ಲ.

"ಇಷ್ಟು ಮಂದಿ ಇಲ್ಲೇ ಕೂತೇವಿ, ವಿನೀತಾನ ಹತ್ರ ಯಾರಿದ್ದಾರ ಅಂತ ಒಬ್ಬರೂ ಕೇಳಲಿಲ್ಲಲ್ಲ!" ಗಂಗೂಬಾಯಿಯ ಕಣ್ಣಲ್ಲೂ ನೀರು. ಶಾಲನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಯಕ್ರಮ ಬಿಟ್ಟು ವಿನೀತಾಳ ಮನೆಗೇ ನಡೆದರು.

"ನನ್ನ ಮಗಳು ಒಮ್ಮೆನೂ ಸಾಕಾತು ಅಂದಿಲ್ರಿ," ಎಂದ ಮಾರ್ತಾಂಡ.

"ನೀವು ಕೇಳಿದ್ರಾ?" ಎಂದರು ಪ್ರಫುಲ್ಲಾ.

ಅವನು ಮಗಳ ಮುಖ ನೋಡಿದ. "ಇಲ್ರಿ. ತಪ್ಪಾತು. ಇನ್ನ ಶಾಲಿ ಬಿಡಿಸಂಗಿಲ್ಲ."

ಮಂಗಳವಾರ ಸುರಭಿ ಪರೀಕ್ಷೆ ಬರೆದಳು. ಈಗ ಬೆಳಗಿನ ಜಳಕ, ಗುಳಿಗೆ ಮಾರ್ತಾಂಡನ ಪಾಲು. ಬೆನ್ನಿಗೆ ಪೆಟ್ಟಾಗದಂತೆ ಎತ್ತುವುದನ್ನು ಪ್ರಫುಲ್ಲಾ ಅವನಿಗೆ ಕಲಿಸಿದ್ದಾರೆ. ಹಗಲಿಗೆ ಗಟದವರು ಸರದಿಯಂತೆ ಹೋಗುತ್ತೇವೆ. ಶಾಲೆಯ ಶಿಕ್ಷಕಿಗೂ ವಿಷಯ ತಿಳಿಸಿದ್ದೇವೆ, ಬಿಟ್ಟುಹೋದ ಪಾಠವನ್ನು ಅವರು ಹೇಳಿಕೊಡುತ್ತಾರೆ. ತಾಯಿಯ ತಲೆ ಬಾಚುವುದನ್ನು ಮಾತ್ರ ಸುರಭಿ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅದು ಅವಳಿಗೆ ಇಷ್ಟ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮನೆಯ ರೋಗಿಯನ್ನು ನೋಡಿಕೊಳ್ಳುವ ಮಗು ನಿಮ್ಮ ಅಕ್ಕಪಕ್ಕದಲ್ಲಿದ್ದರೆ ಅದರ ಶಿಕ್ಷಕರಿಗೆ ತಿಳಿಸಿ. ದಾರಿ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹೊಗಳಬೇಡಿ ಎಂದಲ್ಲ, ಹೊಗಳಿ. ಆದರೆ ಹೊಗಳಿದ ಬಾಯಿಂದಲೇ ಇನ್ನೊಂದು ಮಾತು ಕೇಳಿ: "ನಾನು ಯಾವಾಗ ಬರಲಿ, ಮಗಾ?"