ಕಲ್ಯಾಣಿ ಬಾಯಿ ಮುಚ್ಚಿದ ಏಳು ನಿಮಿಷ

ಚಿಕ್ಕಬಳ್ಳಾಪುರದ ಸ್ಕ್ಯಾನಿಂಗ್ ಸೆಂಟರಿನ ಟೆಕ್ನಿಷಿಯನ್ ಕಲ್ಯಾಣಿಗೆ ಹೊಸ ಸೀಕ್ವೆನ್ಸ್ ಮೇಲೆ, ಅಂದರೆ ಮೆಷಿನ್ ಚಿತ್ರ ತೆಗೆಯುವ ಹೊಸ ಕ್ರಮದ ಮೇಲೆ, ವಿಪರೀತ ಮೋಹ. ಕುತ್ತಿಗೆಯ ಎಂಆರ್‌ಐಗೆ ಹಳೆಯದು ಐದು ನಿಮಿಷ ತಿನ್ನುತ್ತಿತ್ತು, ರೋಗಿ ಉಗುಳು ನುಂಗಿದರೆ ಚಿತ್ರ ಕೆಟ್ಟಿತೆಂದೇ ಲೆಕ್ಕ. ಹೊಸದಕ್ಕೆ ಎರಡೇ ನಿಮಿಷ. ಯಾವುದು ಮೇಲೆಂದು ನೋಡಲು ಡಾಕ್ಟರ್ ಪ್ರಿಯಂವದಾ ಇಪ್ಪತ್ತು ಜನರಿಗೆ, ಚಿತ್ರ ಎದ್ದು ಕಾಣಲು ರಕ್ತಕ್ಕೆ ಕಾಂಟ್ರಾಸ್ಟ್ ಔಷಧ ಏರಿಸಿದ ಮೇಲೆ, ಎರಡನ್ನೂ ಓಡಿಸಲು ಹೇಳಿದ್ದರು. ಹತ್ತೊಂಬತ್ತರಲ್ಲೂ ಹೊಸದೇ ಗೆದ್ದಿತ್ತು. ಕಲ್ಯಾಣಿಯ ಕಾಲು ನೆಲದ ಮೇಲಿರಲಿಲ್ಲ.

ಇಪ್ಪತ್ತನೆಯವರು ದಿಬ್ಬೂರಹಳ್ಳಿಯ ಮುನಿಗಂಗಮ್ಮ. ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಅದಕ್ಕೂ ಮಿದುಳಿಗೆ ಹೋಗುವ ರಕ್ತನಾಳಕ್ಕೂ ನಡುವೆ ಸಂದು ಇದ್ದರೆ ಸಣ್ಣ ಆಪರೇಷನ್. ಅಂಟಿಕೊಂಡಿದ್ದರೆ ದೊಡ್ಡದು, ಜೀವಕ್ಕೆ ಗ್ಯಾರಂಟಿಯಿಲ್ಲ ಎಂದು ಸರ್ಜನ್ ಮುನಿಗಂಗಮ್ಮನ ಮುಖಕ್ಕೇ ಹೇಳಿಬಿಟ್ಟಿದ್ದರು.

ಕಲ್ಯಾಣಿ ಹಳೆಯದನ್ನು ಶುರುಮಾಡಿ ಮೈಕಿನಲ್ಲಿ ಹೇಳಿದಳು. "ಅಮ್ಮಾ, ಉಗುಳು ನುಂಗ್ಬೇಡಿ."

"ಹೂಂ ಕಣಮ್ಮ."

"ಮಾತಾಡ್ಬೇಡಿ. ಇನ್ನು ನಾಲ್ಕೇ ನಿಮಿಷ."

"ಆಗ್ಲಿ ತಾಯಿ. ನೀನು ಊಟ ಮಾಡ್ದ್ಯಾ?"

ಮಾತಾಡಿಸಿದವರಿಗೆ ಉತ್ತರ ಕೊಡದೆ ಇರುವುದುಂಟೇ! ಮುನಿಗಂಗಮ್ಮನ ಜಾಯಮಾನಕ್ಕೇ ಅದು ಒಗ್ಗದು. ಚಿತ್ರ ಪೂರಾ ಕಲಸಿಹೋಯಿತು.

ಹಿಂದೆ ನಿಂತಿದ್ದ ಪ್ರಿಯಂವದಾ ಕೇಳಿದರು. "ಹೊಸದು ಓಡ್ಸುವಾಗ್ಲೂ ಹೀಗೇ ಮಾತಾಡಿಸ್ತೀಯಾ?"

"ಇಲ್ಲ ಮೇಡಂ, ಅದು ಎರಡೇ ನಿಮಿಷ ಅಲ್ವಾ."

"ಹಂಗಾದ್ರೆ ಮೈಕ್ ಆರ್ಸು. ಬಾಯಿ ಮುಚ್ಕೊಂಡು ಎರಡನ್ನೂ ಓಡ್ಸು."

ಹೊಸದು ಬಂತು, ಸ್ಪಷ್ಟ. ಹಳೆಯದೂ ಬಂತು, ಅದೂ ಅಷ್ಟೇ ಸ್ಪಷ್ಟ! ಎರಡರಲ್ಲೂ ಗಂಟಿಗೂ ನಾಳಕ್ಕೂ ನಡುವೆ ತೆಳ್ಳನೆಯ ಕಪ್ಪು ಗೆರೆ. ಸಂದು ಇತ್ತು. ಕಲ್ಯಾಣಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಹತ್ತೊಂಬತ್ತು ಜನರ ಹಳೆಯ ಚಿತ್ರ ಕೆಡಿಸಿದ್ದು ಮೆಷಿನ್ನಲ್ಲ, ಅವಳ ನಾಲಿಗೆ.

ಹೊರಗೆ ಎಳೆದಾಗ ಮುನಿಗಂಗಮ್ಮನ ಮುಖ ಬಿಳಿಚಿತ್ತು, ಕಣ್ಣಲ್ಲಿ ನೀರು.

"ಅಂಟ್ಕೊಂಡೈತಾ ತಾಯಿ? ನೀನು ಮಾತು ನಿಲ್ಲಿಸ್ದಾಗ್ಲೇ ಗೊತ್ತಾಯ್ತು ಬಿಡು. ಬೀರು ಬೀಗದಕೈ ಎಲ್ಲೈತೆ ಅಂತ ಸೊಸೇಗೂ ಹೇಳಿಲ್ಲ ನಾನು. ಅದನ್ನೇ ನೆನೀತಾ ಹೆಣದಂಗೆ ಮಲ್ಗಿದ್ದೆ."

ಕಲ್ಯಾಣಿಗೆ ಆಗ ಹೊಳೆಯಿತು. ಅಯ್ಯೋ, ಇವರು ಅಲ್ಲಾಡದೆ ಮಲಗಿದ್ದು ಭಯದಿಂದಲೇ!

"ಸಂದಿದೆ ಅಮ್ಮ, ಸಣ್ಣ ಆಪರೇಷನ್ ಸಾಕು" ಎಂದರು ಪ್ರಿಯಂವದಾ.

ಮುನಿಗಂಗಮ್ಮ ಗೊಳೋ ಎಂದು ಅತ್ತರು, ಅಳುತ್ತಲೇ ನಕ್ಕರು. ಕಲ್ಯಾಣಿಯ ಕೆನ್ನೆಗೊಂದು ಮೆಲ್ಲನೆ ಏಟು ಬಿತ್ತು. "ಮೊದ್ಲೇ ಹೇಳೋಕೇನಾಗಿತ್ತು ನಿಂಗೆ!"

ಕಲ್ಯಾಣಿ ಹತ್ತೊಂಬತ್ತು ಗೆಲುವು ಬರೆದಿಟ್ಟಿದ್ದ ಪಟ್ಟಿಯನ್ನು ಹರಿದು, ಎಣಿಕೆ ಮೊದಲಿಂದ ಶುರುಮಾಡಲು ಹೊಸ ಹಾಳೆಯಲ್ಲಿ ಒಂದು ಎಂದು ಬರೆದಳು. ಆಮೇಲೆ ಮುಂದಿನ ರೋಗಿಯ ಪಕ್ಕ ಕುಳಿತು ಹೇಳಿದಳು. "ಒಳಗೆ ಹೋದ್ಮೇಲೆ ನಾನು ಒಂದು ಮಾತೂ ಆಡಲ್ಲ ಅಣ್ಣ. ಸುಮ್ನಿದೀನಿ ಅಂದ್ರೆ ಕೆಟ್ಟದೇನೋ ಕಾಣಿಸ್ತು ಅಂತಲ್ಲ. ಗಾಬರಿ ಬೀಳ್ಬೇಡಿ, ನಾನು ಇಲ್ಲೇ ಇರ್ತೀನಿ."