ಅತ್ತಿಗೆಯ ಕುರ್ಚಿ, ಹನ್ನೆರಡು ಪುಸ್ತಕ

ವರ್ಷದ ಮೊದಲ ವಾರ ಎಲ್ಲರೂ ಪುಸ್ತಕ ಓದುತ್ತೇವೆ. ಎರಡನೇ ವಾರ ಅದೇ ಪುಸ್ತಕ ತಲೆದಿಂಬಾಗುತ್ತದೆ. ನಮ್ಮ ಬೀದಿಯಲ್ಲಿ ಅರ್ಧ ಓದಿಟ್ಟ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನ ತಲೆಗೆ ತಗಲುತ್ತವೆ.

ಇಂಥ ಬೀದಿಯಲ್ಲಿ ನಮ್ಮ ಅತ್ತಿಗೆ ಗೆದ್ದ ಕಥೆ ಇದು. ಅತ್ತಿಗೆ ಟೈಲರ್. ಅವರು ಹೊಲಿದ ಕೋಟು ತೊಟ್ಟ ಕುಳ್ಳರೂ ಎತ್ತರವಾಗಿ, ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ! ಅಂಗಡಿಯಲ್ಲಿ ಇಸ್ತ್ರಿ ಕೆಲಸ ನಮ್ಮ ಅಣ್ಣನದು.

"ಈ ವರ್ಷ ಹನ್ನೆರಡು ಪುಸ್ತಕ ಓದ್ತೀನಿ" ಅಂದರು ಅತ್ತಿಗೆ.

ಅಣ್ಣ ನಕ್ಕ ನಗುವಿಗೆ ಹ್ಯಾಂಗರುಗಳೆಲ್ಲ ಅಲ್ಲಾಡಿದವು. "ನೀನಾ? ಪೇಪರಿನ ತಲೆಬರಹ ಮುಗಿಯೋಷ್ಟರಲ್ಲಿ ಆಕಳಿಸ್ತೀಯ! ಓದದಿದ್ರೆ ಕಿಟಕಿ ಪಕ್ಕದ ನಿನ್ನ ಕುರ್ಚಿ ಎತ್ತಿ, ಅಲ್ಲಿ ನನ್ನ ಇಸ್ತ್ರಿ ಮೇಜು ಹಾಕ್ತೀನಿ."

"ಆಗ್ಲಿ ರೀ. ಓದಿದ್ರೆ ನೀವು ಆ ಕಡೆ ತಲೆ ಹಾಕಂಗಿಲ್ಲ."

ಇಡೀ ಅಂಗಡಿಯಲ್ಲಿ ಬೆಳಕು ಬೀಳುವುದು ಅಲ್ಲೊಂದೇ ಕಡೆ. ಅತ್ತಿಗೆಗೆ ತಮ್ಮದು ಅಂತ ಇದ್ದದ್ದೂ ಆ ಜಾಗ ಮಾತ್ರ.

ದಿನಾ ಬೆಳಿಗ್ಗೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುವರು. ಎಣ್ಣೆ ಒಳಗೆ ಇಳಿಯುವಷ್ಟು ಹೊತ್ತು ಓದುವರು. ಅಷ್ಟೇ! ಗುರುತಿಗೆ ಹಾಳೆ ನಡುವೆ ಒಂದು ಬಟ್ಟೆ ಚೂರು. ಅರ್ಧ ವರ್ಷ ಹೀಗೇ ಸಲೀಸಾಗಿ ಸಾಗಿತು.

ಆಮೇಲೆ ಒಂದು ದಪ್ಪ ಪುಸ್ತಕ ಗಂಟುಬಿತ್ತು. ಎತ್ತಲು ಕ್ರೇನೇ ಬೇಕಿತ್ತು. ಹಿಡಿಸಲೂ ಇಲ್ಲ. ಬಟ್ಟೆ ಚೂರು ವಾರಗಟ್ಟಲೆ ಇದ್ದಲ್ಲೇ ಇತ್ತು. ಅಣ್ಣ ಟೇಪು ಹಿಡಿದು ಕಿಟಕಿಯ ಜಾಗ ಅಳೆಯತೊಡಗಿದ.

ಮುಖ ಇಳಿಬಿಟ್ಟುಕೊಂಡು ಅತ್ತಿಗೆ ಲೈಬ್ರರಿ ಮೇಡಂ ಹತ್ತಿರ ಹೋದರು. ಪುಸ್ತಕ ಹೊತ್ತವನು ನಾನು. ನಾನಿಲ್ಲದಿದ್ದರೆ ಈ ಕಥೆಯೇ ಇಲ್ಲ.

"ಬೇರೆ ತಗೊಳ್ಳಿ ಅಕ್ಕಾ" ಅಂದರು ಮೇಡಂ.

"ಅರ್ಧಕ್ಕೆ ಬಿಡೋದಾ! ಕತ್ತರಿ ಹಾಕಿದ ಬಟ್ಟೆ ಹೊಲೀದೆ ಬಿಟ್ಟೋಳಲ್ಲ ನಾನು."

"ಅದು ಗಿರಾಕಿ ಬಟ್ಟೆ. ಇದು ನೀವು ತೊಟ್ಟು ನೋಡೋ ಬಟ್ಟೆ. ಬಿಗಿಯಾದ್ರೆ ಕಳಚಿಡಿ. ಉಸಿರು ಕಟ್ಕೊಂಡು ಓಡಾಡ್ತಾರಾ ಯಾರಾದ್ರೂ?"

"ಮತ್ತೆ ತಪ್ಪಿಹೋದ ದಿನಗಳು?"

"ಹೊಲಿಯುವಾಗ ದಾರ ತುಂಡಾದ್ರೆ ಬಟ್ಟೆ ಬಿಸಾಕ್ತೀರಾ? ಅಲ್ಲಿಂದಲೇ ಹೊಲೀರಿ."

ಅತ್ತಿಗೆ ತೆಳ್ಳಗಿನ ಪತ್ತೇದಾರಿ ಕಾದಂಬರಿ ತಂದರು. ಮರುದಿನ ಎಣ್ಣೆ ಇಳಿದು ಒಣಗಿದರೂ ಕುರ್ಚಿ ಬಿಟ್ಟೇಳಲಿಲ್ಲ. ಆಮೇಲೆ ಗುಂಡಿ ಹಚ್ಚುತ್ತಾ ಕಥೆಯೆಲ್ಲ ಹೇಳಿದರು, ಕೊಲೆಗಾರನ ಹೆಸರೊಂದು ಬಿಟ್ಟು.

"ಲೇ, ಯಾರು ಕೊಂದಿದ್ದು ಹೇಳೇ!" ಅಣ್ಣ ಅಂಗಲಾಚಿದ.

"ಓದ್ಕೊಳ್ಳಿ ರೀ. ಕಣ್ಣಿಲ್ವಾ?"

ವರ್ಷದ ಕೊನೆಯ ವಾರ ಹನ್ನೆರಡನೆಯ ಪುಸ್ತಕವೂ ಮುಗಿಯಿತು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಸರಿ, ತಟ್ಟಿದ್ದು ನಾನೊಬ್ಬನೇ, ಆದರೆ ಬೀದಿಯಷ್ಟು ಜೋರಾಗಿ.

ಅಷ್ಟರಲ್ಲಿ ಸುಟ್ಟ ವಾಸನೆ! ತಿರುಗಿ ನೋಡಿದರೆ ಅಣ್ಣನ ಒಂದು ಕೈಯಲ್ಲಿ ಆ ಪತ್ತೇದಾರಿ ಕಾದಂಬರಿ, ಇನ್ನೊಂದು ಕೈ ಇಸ್ತ್ರಿ ಪೆಟ್ಟಿಗೆಯ ಮೇಲೆ, ಪೆಟ್ಟಿಗೆ ನನ್ನ ಹೊಸ ಅಂಗಿಯ ಮೇಲೆ.

"ಶ್! ಇನ್ನೆರಡೇ ಹಾಳೆ" ಅಂದ ಅಣ್ಣ.

ಅತ್ತಿಗೆ ಪೆಟ್ಟಿಗೆ ಎತ್ತಿಟ್ಟು, ತಮ್ಮ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲ್ ಎಳೆದರು. "ಇಲ್ಲಿ ಬನ್ನಿ ರೀ. ಬೆಳಕಿದೆ."

ಓದುಗರೇ, ಎಣ್ಣೆ ಇಳಿಯುವಷ್ಟು ಹೊತ್ತು ನಿಮ್ಮ ದಿನದಲ್ಲೂ ಇದೆ. ಹಾಲು ಕಾಯುವಾಗ, ಬಸ್ಸು ಬಾರದಿರುವಾಗ ಪುಸ್ತಕ ತೆಗೆಯಿರಿ. ಹಿಡಿಸದಿದ್ದರೆ ಬದಲಿಸಿ. ನಡುವೆ ನಿಂತುಹೋದರೆ ಬಿಟ್ಟಲ್ಲಿಂದ ಮುಂದುವರಿಸಿ. ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಮೊದಲು ಪಕ್ಕಕ್ಕಿಡಿ. ಬೆನ್ನಲ್ಲಿ ಕಿಟಕಿಯಿರುವ ಅಂಗಿ ತೊಟ್ಟವನು ಹೇಳುತ್ತಿದ್ದೇನೆ, ನಂಬಿ!