ನಾಲ್ಕು ಬೆರಳು ಗಿಡ್ಡ

"ಊಟ ಮಾಡೋದು ಬಾಯಲ್ಲೋ ಕೋಟಲ್ಲೋ, ಮೊದ್ಲು ಅದೊಂದು ಹೇಳ್ಬಿಡಪ್ಪಾ!"

ಹೂವಿನ ಅಂಗಿಯ ದಪ್ಪ ಮನುಷ್ಯ ಕೌಂಟರಿಗೆ ಕೈ ಬಡಿದ ರಭಸಕ್ಕೆ ಗುಂಡಿಯ ಡಬ್ಬಿ ನೆಗೆದು ಕೆಳಗೆ ಬಿತ್ತು. ದರ್ಜಿ ಮಂಡಿಯೂರಿ ಗುಂಡಿಗಳನ್ನು ಹೆಕ್ಕತೊಡಗಿದ. ಹೆಕ್ಕುತ್ತಲೇ ತಲೆಯೆತ್ತಿ, ಎದೆಯ ಮೇಲೆ ಕೈಯಿಟ್ಟು, ದನಿಯನ್ನು ಹೊಟ್ಟೆಯ ತಳದಿಂದ ಎತ್ತಿ ತಂದ.

"ಸಾರ್, ರೂಲ್ಸ್ ಬರೆದ ಕೈ ಬೇರೆ, ಗುಂಡಿ ಹೊಲಿಯೋ ಕೈ ಬೇರೆ. ಆದ್ರೆ ಒಂದು ಮಾತು. ಈ ಕೈಯಲ್ಲಿ ಸೂಜಿ ಇರೋವರ್ಗೂ, ಈ ಹಡಗಲ್ಲಿ ಒಬ್ಬೇ ಒಬ್ಬ ಗಂಡ್ಸು ಕೋಟಿಲ್ಲ ಅಂತ ಉಪವಾಸ ಮಲಗಲ್ಲ!"

ಸಾಲಿನಲ್ಲಿ ನಿಂತವರು ನಕ್ಕರು. ಇಂಥ ಮಾತುಗಳಿಗಾಗಿಯೇ ಹಡಗಿನ ಕೆಲಸದವರೆಲ್ಲ ಅವನನ್ನು ಡೈಲಾಗು ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಪ್ರತಿ ಪ್ರಯಾಣದ ಮೂರನೆಯ ಸಂಜೆ ಕೋಟಿನ ಸಂಜೆ. ಅವತ್ತು ಕರಿ ಕೋಟು, ಟೈ ಇಲ್ಲದ ಗಂಡಸರನ್ನು ದೊಡ್ಡ ಊಟದ ಹಾಲಿನ ಬಾಗಿಲಲ್ಲೇ ತಡೆಯುತ್ತಾರೆ. ತಡೆಸಿಕೊಂಡವರು ಮೇಲಿನ ಡೆಕ್ಕಿಗೆ ಹೋಗಿ ಪೇಪರ್ ತಟ್ಟೆಯಲ್ಲಿ ತಿನ್ನಬೇಕು. ಅದು ಬೇಡ ಎನ್ನುವವರು ಮಧ್ಯಾಹ್ನವೇ ಮೂರು ಅಂತಸ್ತು ಇಳಿದು ಬಂದು, ಲಾಂಡ್ರಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಹಾಕಿಕೊಂಡಿದ್ದ ಡೈಲಾಗಿನ ಕೋಣೆಯಲ್ಲಿ ಎರವಲು ಕೋಟು, ಟೈ ಪಡೆಯಬೇಕು. ಕಿಟಕಿಯಿಲ್ಲದ ಕೋಣೆ. ಇಸ್ತ್ರಿಯ ಹಬೆ, ಸುಟ್ಟ ನೂಲಿನ ವಾಸನೆ, ಒಂದು ಬದಿಗೆ ಪ್ರಯಾಣಿಕರಿಗೆ ಕೊಡುವ ಉದ್ದ ಕೋಟುಗಳು, ಇನ್ನೊಂದು ಬದಿಗೆ ಸಪ್ಲೈಯರುಗಳ ಗಿಡ್ಡ ಕೋಟುಗಳು. ಬಾಗಿಲ ಪಕ್ಕದಲ್ಲಿ ಕೋಟು ತೊಟ್ಟ ಬೋಳುತಲೆಯ ಮರದ ಗೊಂಬೆ.

"ಕೋಟಿಗೂ ಇಷ್ಟೊಂದು ರಂಪ ಮಾಡ್ತಾರಲ್ಲ," ಎಂದಳು ಗೌನಿನ ಅಂಚು ಹೊಲಿಸಲು ಬಂದಿದ್ದ ಮುತ್ತಿನ ಸರದ ಹೆಂಗಸು. "ಒಂದ್ ಸಂಜೆನಾದ್ರೂ ಮರ್ಯಾದೆಯಾಗಿ ಕೂತು ಊಟ ಮಾಡೋಣ ಅಂದ್ರೆ, ಪಕ್ಕದ ಟೇಬಲ್ಲಲ್ಲಿ ಒಬ್ಬ ಚಡ್ಡಿ, ಒಬ್ಬ ಬನಿಯನ್ನು. ಬಟ್ಟೆ ನೋಡಿದ ತಕ್ಷಣ ಯಾರು ಏನು ಅಂತ ಗೊತ್ತಾಗ್ಬೇಕ್ರೀ. ಇಲ್ದಿದ್ರೆ ಅದು ಊಟದ ಹಾಲಲ್ಲ, ಬಸ್ ಸ್ಟ್ಯಾಂಡು."

"ಬಸ್ ಸ್ಟ್ಯಾಂಡಲ್ಲಿ ತಿಂದಿದ್ದು ಗಂಟಲಲ್ಲಿ ಇಳಿಯತ್ತಮ್ಮಾ. ಟೈ ಬಿಗಿದ್ರೆ ಎಲ್ಲಿಂದ ಇಳಿಬೇಕು?" ಹೂವಿನ ಅಂಗಿಯವನು ಬೆಂಬಲಕ್ಕಾಗಿ ಹಿಂದೆ ತಿರುಗಿದ. "ನೀವ್ ಹೇಳಿ ಯಜಮಾನ್ರೇ, ಈ ಕೋಟು ಬೇಕಾ?"

ಹಿಂದೆ ನಿಂತಿದ್ದ ಮುದುಕ ಬೆಚ್ಚಿದ. ತನ್ನ ಅಭಿಪ್ರಾಯವನ್ನು ಯಾರಾದರೂ ಕೇಳುತ್ತಾರೆ ಎಂಬ ನಿರೀಕ್ಷೆಯೇ ಆ ಮುಖದಲ್ಲಿ ಇರಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಜೋಡಿಸಿ, ಪಾದ ಕೂಡಿಸಿ ನಿಂತಿದ್ದ.

"ನಾನೇನ್ ಹೇಳ್ಲಿ ಸಾರ್. ಆಫೀಸಲ್ಲಿ ಜವಾನ ಆಗಿದ್ದೆ, ಮೂವತ್ತಾರು ವರ್ಷ. ಖಾಕಿ ಹಾಕು ಅಂದ್ರೆ ಖಾಕಿ, ಬಿಳಿ ಹಾಕು ಅಂದ್ರೆ ಬಿಳಿ. ಬೇಕಾ ಬೇಡ್ವಾ ಅಂತ ಯಾರೂ ಕೇಳಿರ್ಲಿಲ್ಲ."

ಮುತ್ತಿನ ಸರದವಳು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಗೌನು ಎತ್ತಿಕೊಂಡು ಹೊರಟಳು. ಹೂವಿನ ಅಂಗಿಯವನು ಬೈಯುತ್ತ ಬೈಯುತ್ತಲೇ ಕೋಟು ತೊಟ್ಟ. ಹೊಟ್ಟೆ ದಾಟಿ ಗುಂಡಿ ಕೂಡಲಿಲ್ಲ. "ಬಿಡು, ಬಿಚ್ಕೊಂಡೇ ಇರ್ತೀನಿ, ಉಸಿರಾದ್ರೂ ಆಡತ್ತೆ," ಎಂದು ಅದನ್ನೇ ಹೆಗಲಿಗೆ ಹಾಕಿಕೊಂಡು ಹೋದ. ಮುದುಕನಿಗಾಗುವ ಅಳತೆಯಲ್ಲಿ ಉಳಿದಿದ್ದದ್ದು ಅದೊಂದೇ ಎಂದು ಡೈಲಾಗಿಗೆ ಹೊಳೆದದ್ದು ಅವನು ಮೆಟ್ಟಿಲು ಹತ್ತಿದ ಮೇಲೆ.

ಮುದುಕನ ಹಿಂದಿನಿಂದ ಅವನ ಹೆಂಡತಿ ಬಾಗಿಲು ತಡವುತ್ತ ಒಳಗೆ ಬಂದಳು. ಮರದ ಗೊಂಬೆಯ ಮುಂದೆ ನಿಂತು, "ಸ್ವಲ್ಪ ಸರ್ಕೋಪ್ಪಾ, ಕೂತ್ಕೋತೀನಿ," ಎಂದಳು. ಗೊಂಬೆ ಸರಿಯಲಿಲ್ಲ.

"ಅದು ಗೊಂಬೆ ಕಣೇ," ಎಂದ ಮುದುಕ ಮೆಲ್ಲಗೆ.

"ಓ! ನೋಡಿದ್ರಾ, ಗೊಂಬೆಗೂ ಕೋಟಿದೆ. ನಿಮಗೇ ಇಲ್ಲ." ಅವಳೇ ಮೊದಲು ನಕ್ಕಳು. ಆಮೇಲೆ ಡೈಲಾಗಿನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ನೆರಳು ಕಾಣತ್ತಪ್ಪಾ, ಮುಖ ಕಾಣಲ್ಲ. ಹಗಲಲ್ಲಿ ಕೈಯಳತೆ ಹತ್ರ ಬಂದ್ರೆ ಸ್ವಲ್ಪ ಗೊತ್ತಾಗತ್ತೆ. ಅದೂ ಈ ವರ್ಷ ಮುಗಿಯೋದ್ರೊಳಗೆ ಹೋಗತ್ತೆ ಅಂದಿದಾರೆ ಡಾಕ್ಟ್ರು."

ಬಸ್ಸು ಅರ್ಧ ಗಂಟೆ ತಡ ಎಂದು ಹೇಳುವಂತೆ ಹೇಳಿದಳು. ಡೈಲಾಗು ಟೇಪು ತೆಗೆದು ಮುದುಕನ ಹೆಗಲ ಮೇಲೆ ಹಾಸಿದ.

"ಸೋಪಿನ ಕವರ್ ಕಳಿಸಿದ್ದೆ, ಲಕ್ಕಿ ಡ್ರಾನಲ್ಲಿ ಬಂತು ಈ ಹಡಗು," ಎಂದಳು. "ಎಲ್ಲಾ ಫ್ರೀ ಅಂತ ಬರೆದಿದ್ರು. ಕೋಟು ತರಬೇಕು ಅಂತ ಬರೆದಿರ್ಲಿಲ್ಲ."

"ನೀನು ಹೋಗಿ ಊಟ ಮಾಡ್ಕೊಂಡ್ ಬಾ. ನಾನು ಮೇಲೆ ಏನಾದ್ರೂ ತಿಂತೀನಿ ಅಂದ್ನಲ್ಲ," ಎಂದ ಮುದುಕ.

"ನೀವಿಲ್ದೆ ನಾನೊಬ್ಳೇ ಹೋಗಿ ಏನ್ ನೋಡ್ಲಿ? ನೋಡಪ್ಪಾ, ಮೂವತ್ತಾರು ವರ್ಷ ಇವರು ಬೆಲ್ ಆದಾಗೆಲ್ಲ ನೀರು ತಗೊಂಡ್ ಓಡಿದಾರೆ. ಮನೇಲಿ ಕುಕ್ಕರ್ ಕೂಗಿದ್ರೂ ಎದ್ದು ನಿಲ್ತಿದ್ರು. ಒಂದ್ ಸಲ, ಒಂದೇ ಒಂದ್ ಸಲ ಇವರು ಕುರ್ಚಿಯಲ್ಲಿ ನೇರ ಕೂತಿರ್ಬೇಕು. ಕೋಟು ಹಾಕಿದೋರು ಯಾರಾದ್ರೂ ಬಂದು ಇವರಿಗೆ ನೀರು ಕೊಡ್ಬೇಕು. ಅದನ್ನ ನೋಡ್ಬೇಕು ನಾನು. ಆಮೇಲೆ ಕಣ್ಣು ಯಾವತ್ತು ಬೇಕಾದ್ರೂ ಹೋಗ್ಲಿ."

ಮುದುಕ ನಾಚಿಕೊಂಡು ನೆಲ ನೋಡಿದ. ಡೈಲಾಗು ಕೋಟು ನೇತುಹಾಕಿದ್ದ ಕಂಬಿಯನ್ನು ಎರಡು ಸಲ ಜಾಲಾಡಿದ. ಉಳಿದಿದ್ದ ಉದ್ದ ಕೋಟುಗಳು ಒಂದೋ ಮಗುವಿಗಾಗುತ್ತಿದ್ದವು, ಇಲ್ಲವೇ ಇಬ್ಬರು ಒಟ್ಟಿಗೆ ಹೊಕ್ಕರೂ ಜಾಗ ಉಳಿಯುತ್ತಿತ್ತು. ಗೊಂಬೆಯ ಮೈಮೇಲಿದ್ದ ಕೋಟಿಗೆ ಇನ್ನೂ ಬೆನ್ನೇ ಹೊಲಿದಿರಲಿಲ್ಲ. "ನಿಮ್ಮದೂ ನಂದೂ ಒಂದೇ ಅಳತೆ ಯಜಮಾನ್ರೇ," ಎಂದ ಟೇಪು ಸುತ್ತುತ್ತ. "ನನ್ನ ಮೈಯಾದ್ರೂ ಬಿಚ್ಚಿ ಕೊಡ್ತಿದ್ದೆ, ಕೋಟಿಲ್ಲ."

"ಬಿಡಪ್ಪಾ, ಪರವಾಗಿಲ್ಲ," ಎಂದು ಮುದುಕ ಹೆಂಡತಿಯ ಮೊಣಕೈ ಹಿಡಿದ. ಅವಳು ಎದ್ದು ಗೊಂಬೆಯ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಅಂಗಡಿಯಲ್ಲಿ ನೋಡುವಂತೆ ಸವರಿ ಬಿಟ್ಟಳು.

ಆ ಬೆರಳು ನೋಡಿದ್ದೇ ತಪ್ಪಾಯಿತು. ಡೈಲಾಗಿನ ತಲೆಯಲ್ಲಿ ಹಿಂದಿನ ವರ್ಷದ ಕಿತಾಪತಿ ಎದ್ದು ಕೂತಿತು. ಅವನ ಗೆಳೆಯ ಒಬ್ಬ ಸಪ್ಲೈಯರ್ ಇದ್ದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹಾಗಾಗಿ ಉದ್ದಣ್ಣ. ಡೈಲಾಗು ಒಂದು ಕೋಟಿನ ಸಂಜೆ ಉದ್ದಣ್ಣನಿಗೆ ಪ್ರಯಾಣಿಕರ ಕೋಟು ತೊಡಿಸಿ ಹಾಲಿನ ಮೂಲೆ ಟೇಬಲ್ಲಿನಲ್ಲಿ ಕೂರಿಸಿಬಿಟ್ಟಿದ್ದ. ಮ್ಯಾನೇಜರೇ ಬಂದು ಬಗ್ಗಿ, "ಊಟ ಹೇಗಿದೆ ಸಾರ್?" ಎಂದು ಕೇಳಿ ಹೋಗಿದ್ದ. ಕೆಳಗಿನ ಅಂತಸ್ತು ಒಂದು ತಿಂಗಳು ಅದನ್ನೇ ಹೇಳಿಕೊಂಡು ನಕ್ಕಿತ್ತು. ಜನ ನೋಡುವುದು ಕೋಟನ್ನು, ಮುಖವನ್ನಲ್ಲ ಎಂದು ಅವತ್ತೇ ಸಾಬೀತಾಗಿತ್ತಲ್ಲ! ಹಾಗಾದರೆ ಕೋಟೂ ಏನು ಮಹಾ, ಕರಿ ಬಟ್ಟೆ ತಾನೆ?

"ಒಂದ್ನಿಮಿಷ, ಒಂದ್ನಿಮಿಷ! ಕ್ಲೈಮ್ಯಾಕ್ಸಿಗೆ ಮುಂಚೆ ಯಾರೂ ಎದ್ದು ಹೋಗೋ ಹಾಗಿಲ್ಲ!"

ಸಪ್ಲೈಯರುಗಳ ಕಂಬಿಯಿಂದ ಒಂದು ಕೋಟು ಸೆಳೆದ. ಬೆಳ್ಳಿ ಬಣ್ಣದ ಗುಂಡಿಗಳನ್ನು ಕಿತ್ತು ಕರಿ ಗುಂಡಿ ಹೊಲಿಯಲು ಅವನಿಗೆ ಹತ್ತು ನಿಮಿಷ ಸಾಕಾಯಿತು. ಉದ್ದವನ್ನು ಮಾತ್ರ ಏನೂ ಮಾಡುವಂತಿರಲಿಲ್ಲ. ಬಗ್ಗಿ ಬಡಿಸುವವರಿಗೆಂದು ಹೊಲಿದ ಕೋಟು, ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಕೆಳಗೆ ಬಿಳಿ ಅಂಗಿ ಪಟ್ಟಿಯಂತೆ ಇಣುಕಿತು.

"ಸ್ವಲ್ಪ ಗಿಡ್ಡ ಅಲ್ವಾ?" ಮುದುಕ ಅಂಚನ್ನು ಕೆಳಗೆ ಎಳೆದುಕೊಂಡ.

"ಗಿಡ್ಡನಾ? ಈಗಿನ ಫ್ಯಾಷನ್ನು ಯಜಮಾನ್ರೇ!"

"ಹೇಗ್ ಕಾಣ್ತಾರಪ್ಪಾ?" ಹೆಂಡತಿ ಕೇಳಿದಳು. ಅವಳ ಬೆರಳುಗಳು ಆಗಲೇ ಗಂಡನ ತೋಳಿನ ಮೇಲೆ ಇದ್ದವು.

"ಇವರು ಎಂಟ್ರಿ ಕೊಟ್ರೆ ಹಾಲಿಗೆ ಹಾಲೇ ಎದ್ದು ನಿಲ್ಬೇಕಮ್ಮಾ!"

ಏಳೂವರೆಗೆ ಡೈಲಾಗು ಇಸ್ತ್ರಿ ಆರಿಸಿ, ಚಹಾ ಲೋಟ ಕೈಗೆತ್ತಿಕೊಂಡಿದ್ದ. ಉದ್ದಣ್ಣ ಮೆಟ್ಟಿಲು ಎರಡೆರಡು ಹಾರಿ ಇಳಿದು ಬಂದ.

"ಲೋ, ನಿನ್ನ ಹೀರೋ ಮೇಲ್ಗಡೆ ನೀರು ಹಂಚ್ತಾ ಇದಾನೆ ಕಣೋ."

ಡೈಲಾಗು ಮೊದಲು ನಕ್ಕ. ಚಹಾ ಮೂಗಿಗೆ ಏರಿತು. ಉದ್ದಣ್ಣನ ಮುಖ ನಗಲಿಲ್ಲ.

"ಹೆಂಡ್ತಿನ ಕುರ್ಚಿಯಲ್ಲಿ ಕೂರಿಸಿ ತಾನು ಕೂರೋಕೆ ಅಂತ ಸುತ್ತಿ ಬರ್ತಿದ್ರು. ಮುತ್ತಿನ ಸರದವಳು ತಿರುಗಿ ಸಹ ನೋಡ್ಲಿಲ್ಲ, ಲೋಟ ಎತ್ತಿ ಹಿಡಿದು 'ನೀರು' ಅಂದ್ಲು. ಇವರು ನಿಂತ್ಬಿಟ್ರು. ಪಕ್ಕದಲ್ಲಿ ನೀರಿನ ಜಗ್ಗು ಇತ್ತು, ಕೈ ತಾನಾಗೇ ಹೋಯ್ತು ನೋಡು. ಅಷ್ಟರಲ್ಲಿ ಪಕ್ಕದ ಟೇಬಲ್ಲಿಂದ 'ಇಲ್ಲೂ' ಅಂದ್ರು. ಅದಾದ್ಮೇಲೆ ಇನ್ನೊಂದು."

"ಅವಳು ಮಧ್ಯಾಹ್ನ ಇಲ್ಲೇ ಇವರ ಪಕ್ಕ ನಿಂತಿದ್ಲಲ್ಲೋ! ನೀನ್ಯಾಕೋ ತಡೀಲಿಲ್ಲ?"

"ತಡೆದೆ. ಕೂತ್ಕೊಳ್ಳಿ ಅಂದೆ. ನನ್ನ ಕೋಟು ನೋಡಿದ್ರು, ತಮ್ಮ ಕೋಟು ನೋಡ್ಕೊಂಡ್ರು. ಅಲ್ಲಿವರ್ಗೂ ಗೊತ್ತಿರ್ಲಿಲ್ಲ ಅವರಿಗೆ. ಆಮೇಲೆ ಮೆಲ್ಲಗೆ, 'ಮ್ಯಾನೇಜರ್ ಬಾಗಿಲಲ್ಲೇ ಇದಾರೆ. ನಾನೀಗ ಪ್ಯಾಸೆಂಜರ್ ಅಂದ್ರೆ ಈ ಕೋಟು ಯಾರು ಕೊಟ್ರು ಅಂತ ಕೇಳ್ತಾರೆ. ಆ ಹುಡುಗನ ಕೆಲಸ ಹೋಗತ್ತೆ. ಇವಳಿಗೊಂದು ಹೇಳ್ಬೇಡಿ' ಅಂದ್ರು."

ನಲವತ್ತು ದಾಟಿದ ಡೈಲಾಗನ್ನು ಯಾರಾದರೂ ಹುಡುಗ ಎಂದು ಕರೆದು ಬಹಳ ವರ್ಷಗಳಾಗಿದ್ದವು. ಅವನು ಲೋಟ ಇಟ್ಟು, ತನ್ನ ಅಳತೆಯ ಇನ್ನೊಂದು ಗಿಡ್ಡ ಕೋಟು ಸೆಳೆದು ತೊಟ್ಟ. ಕೋಟಿಲ್ಲದೆ ಕೆಲಸದವರನ್ನೂ ಹಾಲಿಗೆ ಬಿಡುತ್ತಿರಲಿಲ್ಲ.

ಅಡುಗೆಮನೆಯ ಕಡೆಯ ಬಾಗಿಲಿನಿಂದ ಒಳಗೆ ಹೊಕ್ಕ. ದೊಡ್ಡ ದೀಪಗಳನ್ನು ಆರಿಸಿ ಟೇಬಲ್ಲಿಗೊಂದು ಮೇಣದ ಬತ್ತಿ ಹಚ್ಚಿದ್ದರು. ಹಡಗು ಸಣ್ಣಗೆ ತೂಗಿದಾಗೆಲ್ಲ ಇನ್ನೂರು ಬತ್ತಿಗಳು ಒಟ್ಟಿಗೆ ಬಾಗುತ್ತಿದ್ದವು. ಹೂವಿನ ಅಂಗಿಯವನು ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಆರಾಮವಾಗಿ ಅಗಿಯುತ್ತಿದ್ದ. ಬಾಗಿಲು ದಾಟಿದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ. ದೂರದಲ್ಲಿ, ಎಡಗೈಗೆ ಬಿಳಿ ಬಟ್ಟೆ ಇಳಿಬಿಟ್ಟು, ಬಲಗೈಯಲ್ಲಿ ಜಗ್ಗು ಹಿಡಿದು ಮುದುಕ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತಿದ್ದ. ಅವಸರವಿಲ್ಲ, ಒಂದು ಹನಿ ಚೆಲ್ಲುವುದಿಲ್ಲ. ಆ ಹಾಲಿನಲ್ಲಿ ಅವನಷ್ಟು ಚೆನ್ನಾಗಿ ನೀರು ಹಾಕುವವರು ಇನ್ನೊಬ್ಬರಿರಲಿಲ್ಲ.

ಡೈಲಾಗು ಅವನತ್ತಲೇ ಹೊರಟ. ಹೋಗಿ ಜಗ್ಗು ಕಿತ್ತುಕೊಳ್ಳಬೇಕು, ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಬೇಕು, ಮ್ಯಾನೇಜರ್ ಕೇಳಿದರೆ ಎದೆ ತಟ್ಟಿ ಹೇಳಬೇಕು. ಏನು ಹೇಳಬೇಕೆಂಬ ಮಾತನ್ನೂ ಮೆಟ್ಟಿಲು ಹತ್ತುವಾಗಲೇ ಜೋಡಿಸಿಕೊಂಡಿದ್ದ. ಟೇಬಲ್ಲುಗಳ ಸಂದಿಯಲ್ಲಿ ಯಾರೋ ಅವನ ತೋಳು ಹಿಡಿದರು.

"ಎಲ್ಲಿ ಹೋಗಿದ್ರೀ ಇಷ್ಟೊತ್ತು? ಸೂಪು ಆರಿಹೋಯ್ತು."

ಮುದುಕನ ಹೆಂಡತಿ. ಎದುರಿನ ಕುರ್ಚಿ ಖಾಲಿ, ಎರಡು ಬಟ್ಟಲಿನ ಮೇಲೂ ಕೆನೆ ಕಟ್ಟಿತ್ತು. ಅವಳ ಬೆರಳುಗಳು ಕೋಟಿನ ಬಟ್ಟೆಯನ್ನು ಸವರಿ ಗುರುತು ಹಿಡಿದು, ಗಟ್ಟಿಯಾದವು. ಡೈಲಾಗು ಬಾಯಿ ತೆರೆದ.

"ಮಾತಾಡ್ಬೇಡಿ. ಇವತ್ತು ನಿಮ್ಮ ಯಾವ ಸಬೂಬೂ ಬೇಡ. ಕೂತ್ಕೊಳ್ಳಿ. ನೇರ ಕೂತ್ಕೊಳ್ಳಿ, ನೋಡ್ತೀನಿ."

ಅವನು ಕೂತ. ಬೆನ್ನು ನೇರ ಮಾಡಿದ. ಅವಳು ಬತ್ತಿಯ ಆಚೆಯಿಂದ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. ಆ ದರ್ಜಿ ಹುಡುಗ ಸುಳ್ಳು ಹೇಳಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಹತ್ತಿರದಲ್ಲಿ ಚಲಿಸಿದ ಒಂದು ಕರಿ ನೆರಳಿನತ್ತ ಕೈಯೆತ್ತಿದಳು.

"ಏನಪ್ಪಾ, ಇಲ್ಲಿ ಬಾ. ನಮ್ಮ ಯಜಮಾನರಿಗೆ ನೀರು ಕೊಡು."

ಮುದುಕ ತಿರುಗಿದ. ಎತ್ತಿದ ಕೈ ನೋಡಿದ, ತನ್ನ ಕುರ್ಚಿ ನೋಡಿದ, ಕುರ್ಚಿಯಲ್ಲಿದ್ದವನನ್ನು ನೋಡಿದ. ಡೈಲಾಗು ಏಳಲು ಟೇಬಲ್ಲಿನ ಅಂಚು ಹಿಡಿದ. ಮುದುಕ ತಲೆಯನ್ನು ಒಂದೇ ಒಂದು ಸಲ ಅಡ್ಡ ಆಡಿಸಿದ.

ಹತ್ತಿರ ಬಂದ. ಬಲಗಡೆಯಿಂದ ಬಗ್ಗಿ, ಜಗ್ಗಿನ ಮೂತಿ ಲೋಟಕ್ಕೆ ತಾಗದಂತೆ ಹಿಡಿದು, ನೀರು ಹಾಕಿದ. ಅಂಚಿಗೆ ಎರಡು ಬೆರಳು ಇರುವಾಗ ನಿಲ್ಲಿಸಿ, ಮೂತಿಯಲ್ಲಿ ನಿಂತ ಹನಿಯನ್ನು ಬಟ್ಟೆಯಲ್ಲಿ ಒತ್ತಿದ.

"ಕುಡೀರಿ," ಎಂದಳು ಹೆಂಡತಿ.

ಡೈಲಾಗು ಕುಡಿದ. ಗಂಟಲಲ್ಲಿ ಇಳಿಯುವ ಸದ್ದು ಅವನ ಕಿವಿಗೇ ಕೇಳಿತು. ಅವಳು ಒಂದು ಗುಟುಕೂ ಬಿಡದೆ ನೋಡಿದಳು. ಬತ್ತಿಯ ಬೆಳಕಿಗೆ ಅವಳ ಮುಖ ಮದುವೆ ಫೋಟೋದಲ್ಲಿ ಕೂತವರ ಮುಖದಂತೆ ಬಿಗಿದು, ನಿಧಾನವಾಗಿ ಸಡಿಲವಾಯಿತು.

"ಇನ್ನೊಂಚೂರು ಹಾಕಪ್ಪಾ. ಕೇಳೋಕೆ ಸಂಕೋಚ ಇವರಿಗೆ."

ಮುದುಕ ಇನ್ನೊಂದಿಷ್ಟು ಹಾಕಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಕುರ್ಚಿಯ ಬೆನ್ನಿಗೆ ನಿಂತ. ಪಾದ ಕೂಡಿಸಿ, ಹೊಟ್ಟೆಯ ಮೇಲೆ ಕೈ ಜೋಡಿಸಿದ. ಕೋಟಿನ ಕೆಳಗೆ ನಾಲ್ಕು ಬೆರಳು ಬಿಳಿ ಅಂಗಿ ಕಾಣುತ್ತಿತ್ತು.